ರೇಡ್ ಅರ್ಧ ಗಂಟೆ, ಮಹಜರು ರಾತ್ರಿಯಿಡೀ

ಡ್ರಗ್ಸ್ ಕೇಸು ಹಿಡಿಯುವ ಅಧಿಕಾರಿಗಳು ಓಡುವುದನ್ನು ನಾನು ನೋಡಿದ್ದೇ ಇಲ್ಲ. ನಿಂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ, ಸಾಕ್ಷಿ ಕಟಕಟೆಯಲ್ಲಿ. ನಾನು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ನಿವೃತ್ತಿಗೆ ಮುಂಚೆ ಕೆಲವು ವರ್ಷ ಎನ್‌ಡಿಪಿಎಸ್, ಅಂದರೆ ಮಾದಕವಸ್ತು ತಡೆ ಕಾಯ್ದೆಯ, ಕೇಸು ನಡೆಸುವ ವಿಶೇಷ ನ್ಯಾಯಾಲಯದಲ್ಲಿ ಕೆಲಸ ಮಾಡಿದೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಬರೆಸುತ್ತಿದ್ದರು, ನಾನು ಕೀ ಒತ್ತುತ್ತಿದ್ದೆ. "ಎಂದರೆ ಸರಿ", "ಎಂದರೆ ಸರಿಯಲ್ಲ" ಅಂತ ಮುಗಿಯುವ ಸಾಲುಗಳು ಈಗಲೂ ನಿದ್ದೆಯಲ್ಲಿ ಬರುತ್ತವೆ. ಹಾಗಾಗಿ ಯೂಟ್ಯೂಬಿನಲ್ಲಿ "ಎನ್‌ಸಿಬಿ ಆಫೀಸರ್ ಆಗುವುದು ಹೇಗೆ" ಅನ್ನುವ ವಿಡಿಯೊ (ಎನ್‌ಸಿಬಿ ಅಂದರೆ ಡ್ರಗ್ಸ್ ಕೇಸು ಹಿಡಿಯುವ ಕೇಂದ್ರ ಸಂಸ್ಥೆ) ಕಂಡಾಗಲೆಲ್ಲ ನನಗೊಂದು ಕಿರಿಕಿರಿ. ಕಪ್ಪು ಜಾಕೆಟ್ಟು, ಬೆನ್ನ ಮೇಲೆ ದೊಡ್ಡ ಅಕ್ಷರ, ಬಾಗಿಲು ಒದೆಯುವ ಕಾಲು, ಹಿಂದೆ ಡ್ರಮ್ ಸದ್ದು. ಆಮೇಲೆ ಎರಡು ನಿಮಿಷ ಸಿಲಬಸ್ಸು, ಕಟ್ ಆಫ್, ಸಂಬಳ. ಆ ಕಾಲಿನವರು ಬಾಗಿಲು ದಾಟಿದ ಮೇಲೆ ಏನು ಮಾಡುತ್ತಾರೆ ಅಂತ ಯಾರೂ ಹೇಳುವುದಿಲ್ಲ. ಅವರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಮಹಜರು, ಅಂದರೆ ಶೋಧನೆಯಲ್ಲಿ ಏನೇನು ನಡೆಯಿತು, ಏನೇನು ಸಿಕ್ಕಿತು ಅನ್ನುವ ದಾಖಲೆ, ಬರೆಯುತ್ತಾರೆ. ಬೆಳಗಿನ ಜಾವದವರೆಗೆ ಬರೆಯುತ್ತಾರೆ.

ನನಗೆ ಈ ವಿಷಯ ಮತ್ತೆ ಮತ್ತೆ ತಲೆಗೆ ಬರೋದಕ್ಕೆ ಅಣ್ಣನ ಮಗನೂ ಕಾರಣ. ಡಿಗ್ರಿ ಮುಗಿಸಿ ವಿಜಯನಗರದಲ್ಲಿ ರೂಮು ಮಾಡಿಕೊಂಡು ಕೋಚಿಂಗಿಗೆ ಹೋಗ್ತಿದ್ದಾನೆ. "ಅತ್ತೆ, ನೀವು ಅಂಥ ಆಫೀಸರ್‌ಗಳನ್ನ ಹತ್ತಿರದಿಂದ ನೋಡಿದೀರಲ್ವಾ, ಹೇಗಿರ್ತಾರೆ?" ಅಂತ ಕೇಳಿದ. ಸುಸ್ತಾಗಿರ್ತಾರೆ ಕಣೋ ಅಂದೆ. ಅವನಿಗೆ ಆ ಉತ್ತರ ಸಾಲಲಿಲ್ಲ. ಈ ಬರಹ ಅದರ ಮುಂದುವರಿಕೆ ಅಂದುಕೊಳ್ಳಿ.

ಪರೀಕ್ಷೆಯ ವಿಷಯ ಬೇಗ ಮುಗಿಸುತ್ತೇನೆ

ಕೇಂದ್ರ ಸರ್ಕಾರದಲ್ಲಿ ಮಾದಕವಸ್ತು ತನಿಖೆ ಮಾಡುವವರು ಒಬ್ಬರೇ ಅಲ್ಲ. ಎನ್‌ಡಿಪಿಎಸ್ ಕಾಯ್ದೆ ಬಂದದ್ದು 1985ರಲ್ಲಿ. ಅದರಡಿ 1986ರ ಮಾರ್ಚ್ 17ರಂದು ಹುಟ್ಟಿದ್ದು ಎನ್‌ಸಿಬಿ. ಅದು ಗೃಹ ಸಚಿವಾಲಯದ ಕೆಳಗಿದೆ. ಹಣಕಾಸು ಸಚಿವಾಲಯದ ಕಡೆ ಕಳ್ಳಸಾಗಣೆ ಹಿಡಿಯುವ ಡಿಆರ್‌ಐ ಇದೆ, ಕಸ್ಟಮ್ಸ್ ಇದೆ, ಗ್ವಾಲಿಯರ್‌ನಲ್ಲಿ ಕೇಂದ್ರ ಕಚೇರಿ ಇರುವ ಸೆಂಟ್ರಲ್ ಬ್ಯೂರೋ ಆಫ್ ನಾರ್ಕೋಟಿಕ್ಸ್ ಇದೆ. ಈ ಕೊನೆಯವರ ಕೆಲಸ ಕೇಳಿದರೆ ನಮ್ಮ ಹುಡುಗರಿಗೆ ಆಶ್ಚರ್ಯವಾಗುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುವ ರೈತರಿದ್ದಾರೆ. ಅವರ ಹೊಲ ಅಳೆಯೋದು, ಬೆಳೆ ನೋಡೋದು, ಅಫೀಮು ತೂಗಿಸಿಕೊಳ್ಳೋದು ಈ ಇಲಾಖೆಯ ದೊಡ್ಡ ಕೆಲಸ. ಅಂದರೆ ನಾರ್ಕೋಟಿಕ್ಸ್ ಇನ್‌ಸ್ಪೆಕ್ಟರ್ ಆದವನು ಅಳತೆ ಟೇಪು ಹಿಡಿದು ಗದ್ದೆಯ ಬದುವಿನ ಮೇಲೂ ನಿಲ್ಲಬೇಕಾಗಬಹುದು.

ಎನ್‌ಸಿಬಿಯಲ್ಲಿ ತುಂಬಾ ಜನ ಬೇರೆ ಪಡೆಗಳಿಂದ, ಪೊಲೀಸ್, ಕಸ್ಟಮ್ಸ್‌ನಿಂದ ಡೆಪ್ಯುಟೇಶನ್ ಮೇಲೆ ಬಂದವರು. ನೇರವಾಗಿ ಸೇರಬೇಕು ಅನ್ನುವ ಪದವೀಧರರಿಗೆ ದಾರಿ ಎಸ್‌ಎಸ್‌ಸಿ, ಅಂದರೆ ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ, ನಡೆಸುವ ಸಿಜಿಎಲ್ ಪರೀಕ್ಷೆ. ಅದರಲ್ಲಿ ಸಬ್ ಇನ್‌ಸ್ಪೆಕ್ಟರ್ ಅಥವಾ ಜೂನಿಯರ್ ಇಂಟೆಲಿಜೆನ್ಸ್ ಆಫೀಸರ್ ಅನ್ನುವ ಹುದ್ದೆ ಇದೆ. ವಯಸ್ಸು 18ರಿಂದ 30. ಮೂಲ ವೇತನ 35,400ರಿಂದ ಶುರು. ಮೊದಲ ಹಂತದಲ್ಲಿ ಒಂದು ಗಂಟೆಗೆ 100 ಪ್ರಶ್ನೆ. ರೈಲು, ದೋಣಿ, ಶೇಕಡಾವಾರು, ಇಂಗ್ಲಿಷ್ ವ್ಯಾಕರಣ. ಪ್ರಶ್ನೆಪತ್ರಿಕೆ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಇಲ್ಲ. ಇದೇ ಎಸ್‌ಎಸ್‌ಸಿ ಕೆಳಹಂತದ ಹುದ್ದೆಗಳ ಎಂಟಿಎಸ್ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸುತ್ತದೆ, ಸಿಜಿಎಲ್ ಮಾತ್ರ ಹಾಗೇ ಉಳಿದಿದೆ. ಈ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಸೂರ್ಯ ಮುಳುಗಿದ್ದು ಎಷ್ಟಕ್ಕೆ?

ಊರು, ಇಲಾಖೆ, ವರ್ಷ ಯಾವುದನ್ನೂ ಹೇಳುವುದಿಲ್ಲ. ಒಬ್ಬ ಯುವ ಅಧಿಕಾರಿ ಸಾಕ್ಷಿ ಹೇಳಲು ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಸ್ಪಷ್ಟ ಮಾತು, ಮುಖ್ಯ ವಿಚಾರಣೆಯಲ್ಲಿ ಒಂದೂ ತಡವರಿಕೆ ಇಲ್ಲ. ಮಾಹಿತಿ ಬಂತು, ತಂಡ ಕಟ್ಟಿಕೊಂಡು ಹೋದೆವು, ಮನೆ ಶೋಧಿಸಿದೆವು, ಅಟ್ಟದ ಮೇಲೆ ಮಾಲು ಸಿಕ್ಕಿತು, ತೂಗಿದೆವು, ಸೀಲ್ ಮಾಡಿದೆವು. ಪಾಟೀ ಸವಾಲಿಗೆ ಎದ್ದವರು ವಯಸ್ಸಾದ ವಕೀಲರು, ಮೆಲ್ಲಗೆ ಮಾತಾಡುವವರು. ಅವರು ಮೆಲ್ಲಗೆ ಮಾತಾಡಿದಷ್ಟೂ ನನಗೆ ಭಯ ಜಾಸ್ತಿ ಆಗುತ್ತಿತ್ತು.

"ಮನೆಯೊಳಗೆ ಹೋದಾಗ ಗಂಟೆ ಎಷ್ಟಿತ್ತು?"

"ಆರೂ ಮುಕ್ಕಾಲು."

"ಡಿಸೆಂಬರ್ ತಿಂಗಳು ಅಲ್ವಾ? ಆವತ್ತು ಸೂರ್ಯ ಮುಳುಗಿದ್ದು ಎಷ್ಟಕ್ಕೆ?"

ಅಧಿಕಾರಿ ನಕ್ಕರು. ತಮಾಷೆ ಅಂದುಕೊಂಡರೋ ಏನೋ. "ಗೊತ್ತಿಲ್ಲ, ಇನ್ನೂ ಬೆಳಕಿತ್ತು" ಅಂದರು. ವಕೀಲರು ಚೀಲದಿಂದ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಿರಿಯ ವಕೀಲರಿಗೆ ನಗು. ಡಿಸೆಂಬರಿನಲ್ಲಿ ನಮ್ಮ ಕಡೆ ಆರೂ ಮುಕ್ಕಾಲಿಗೆ ಬೆಳಕು ಎಲ್ಲಿಂದ ಬರಬೇಕು? ಆಮೇಲೆ ನಿಜವಾದ ಪ್ರಶ್ನೆ ಬಂತು. ಸೂರ್ಯಾಸ್ತದ ಮೇಲೆ ವಾರಂಟ್ ಇಲ್ಲದೆ ಮನೆ ಹೊಕ್ಕಿದ್ದಕ್ಕೆ ಕಾರಣ ಬರೆದಿಟ್ಟಿದ್ದೀರಾ? ಮೇಲಧಿಕಾರಿಗೆ ಫೋನಿನಲ್ಲಿ ಹೇಳಿದ್ದೆ. ಬರೆದಿದ್ದೀರಾ? ಇಲ್ಲ. ನ್ಯಾಯಾಧೀಶರು ಬರೆಸಿದರು, ನಾನು ಹೊಡೆದೆ: "ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಿಲ್ಲ ಎಂದರೆ ಸರಿ."

ಕೇಸು ಬಿದ್ದುಹೋಯಿತು. ಆ ಅಟ್ಟದ ಮೇಲೆ ಮಾಲು ಇತ್ತು ಅಂತ ನನಗೆ ಈಗಲೂ ಅನಿಸುತ್ತದೆ, ಆದರೆ ನನಗೆ ಅನಿಸಿದ್ದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಎನ್‌ಡಿಪಿಎಸ್ ಕಾಯ್ದೆಯ 42ನೇ ಸೆಕ್ಷನ್ ಹೇಳುವುದು ಇಷ್ಟೇ. ಮಾಹಿತಿ ಬಂದರೆ ಬರೆದುಕೋ. 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸು. ಕತ್ತಲಾದ ಮೇಲೆ ವಾರಂಟಿಲ್ಲದೆ ಹೋಗುವುದಾದರೆ, ವಾರಂಟಿಗೆ ಕಾದರೆ ಮಾಲು ಕೈತಪ್ಪುತ್ತದೆ ಅಂತ ಯಾಕೆ ಅನಿಸಿತು ಅನ್ನುವುದನ್ನು ಬರೆ. ಎರಡು ಸಾಲು ಸಾಕು. ತಡವಾಗಿ ಬರೆದು ತಡಕ್ಕೆ ಕಾರಣ ಹೇಳಿದರೂ ನಡೆಯುತ್ತದೆ, ಬರೆಯದೇ ಇದ್ದರೆ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2009ರಲ್ಲೇ ಕರ್ನೈಲ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಊಟದ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಮಾತು ಬರುತ್ತಿತ್ತು: ಇಂಥ ಸಣ್ಣ ಸಣ್ಣ ತಪ್ಪಿಗೆಲ್ಲ ಬಿಟ್ಟುಬಿಟ್ಟರೆ ಹೇಗೆ ರೀ? ಮೊದಮೊದಲು ನನಗೂ ಹಾಗೇ ಅನಿಸುತ್ತಿತ್ತು. ಆದರೆ ಈ ಕಾಯ್ದೆಯ ಇನ್ನೊಂದು ಮುಖ ನೋಡಿ. ಎಂಡಿಎಂಎ ಅನ್ನುವ ಮಾದಕವಸ್ತು 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಅಂದರೆ ಅತಿ ಹೆಚ್ಚು ಶಿಕ್ಷೆಯ ವರ್ಗ. ಕನಿಷ್ಠ ಶಿಕ್ಷೆ 10 ವರ್ಷ. 2020ರ ಹೀರಾ ಸಿಂಗ್ ತೀರ್ಪಿನ ಮೇಲೆ ಕಲಬೆರಕೆ ಪುಡಿಯ ತೂಕವೂ ಸೇರಿಯೇ ಲೆಕ್ಕ. 37ನೇ ಸೆಕ್ಷನ್ನಿನಿಂದ ಜಾಮೀನು ಸಿಗುವುದೇ ಕಷ್ಟ. ಆರೋಪಪಟ್ಟಿ ಹಾಕಲು 180 ದಿನದವರೆಗೆ ಸಮಯ. ಮಾಲು ಇವನ ಕೈಯಲ್ಲಿ ಸಿಕ್ಕಿತು ಅಂತ ಸಾಬೀತಾದರೆ, ನನಗೆ ಗೊತ್ತಿರಲಿಲ್ಲ ಅನ್ನುವುದನ್ನು ಆರೋಪಿಯೇ ಸಾಬೀತು ಮಾಡಬೇಕು. ಇಷ್ಟೆಲ್ಲ ಅಧಿಕಾರವನ್ನು ಮೂವತ್ತು ದಾಟದ ಹುಡುಗನ ಪೆನ್ನಿಗೆ ಕೊಟ್ಟ ಮೇಲೆ, ಎರಡು ಸಾಲು ಜಾಸ್ತಿ ಬರೆ ಅಂತ ಕೇಳೋದು ದೊಡ್ಡದಾ? ಕಟಕಟೆಯ ಆ ಕಡೆ ನಿಂತವನ ಅಮ್ಮನೂ ಕೋರ್ಟಿಗೆ ಬಂದಿರುತ್ತಾಳೆ. ಬಾಗಿಲ ಹತ್ತಿರ ಕೂತಿರುತ್ತಾಳೆ. ನಾನು ಅವರನ್ನೂ ನೋಡಿದ್ದೇನೆ.

ಬಣ್ಣ ಬದಲಾಗದ ಪೊಟ್ಟಣ

ಈಗ ಇನ್ನೊಬ್ಬರ ವಿಷಯ. ನಡುವಯಸ್ಸಿನ ಮೇಡಂ, ಸಣ್ಣ ಆಳು, ಕನ್ನಡಕ. ಹೆಂಗಸಿನ ಅಂಗ ಶೋಧನೆಯನ್ನು ಹೆಂಗಸೇ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ಹಾಗಾಗಿ ಮಹಿಳಾ ಅಧಿಕಾರಿಗಳನ್ನು ಬರೀ ಅಷ್ಟಕ್ಕೇ ಕರೆದುಕೊಂಡು ಹೋಗುವ ಅಭ್ಯಾಸವೂ ಇತ್ತು. ಇವರು ಹಾಗಲ್ಲ, ಇವರೇ ತಂಡದ ಮುಂದಾಳು. ಕಟಕಟೆಗೆ ಬಂದರೆ ಮೊದಲು ಕೇಳುತ್ತಿದ್ದದ್ದು, "ಮಹಜರು ನೋಡಿಕೊಂಡು ಹೇಳಬಹುದಾ ಸ್ವಾಮಿ?"

ಬಸ್ ನಿಲ್ದಾಣದ ಹತ್ತಿರ ಒಬ್ಬನ ಬ್ಯಾಗಿನಲ್ಲಿ ಪೊಟ್ಟಣಗಳು ಸಿಕ್ಕ ಕೇಸು. ವಕೀಲರು ಪಂಚರಿಂದ, ಅಂದರೆ ಶೋಧನೆಗೆ ಸಾಕ್ಷಿಯಾಗಿ ನಿಲ್ಲಿಸಿಕೊಂಡ ಹೊರಗಿನವರಿಂದ, ಶುರು ಮಾಡಿದರು. ಅಷ್ಟು ಜನ ಓಡಾಡುವ ಜಾಗದಲ್ಲಿ ನಿಮಗೆ ಬೇಕಾದವರನ್ನೇ ಪಂಚರಾಗಿ ತಂದಿರಿ ಅಲ್ವಾ? ಮೇಡಂ ಪುಟ ತಿರುವಿದರು. ಮೊದಲು ಒಬ್ಬ ಹಣ್ಣಿನ ಅಂಗಡಿಯವರನ್ನು ಕೇಳಿದೆ, ಒಪ್ಪಲಿಲ್ಲ. ಒಬ್ಬ ಪ್ರಯಾಣಿಕರನ್ನು ಕೇಳಿದೆ, ಬಸ್ಸು ಹೊರಡುತ್ತದೆ ಅಂದರು. ಇದೆಲ್ಲ ಮಹಜರಿನಲ್ಲಿದೆ. ಆಮೇಲೆ ತೂಕ. ಕವರ್ ಸಮೇತ ತೂಗಿದಿರಾ? ಎರಡೂ ತೂಕ ಇದೆ, ಕವರ್ ಸಮೇತದ್ದು ಮತ್ತು ಬರೀ ಪುಡಿಯದ್ದು. ಆಮೇಲೆ ಟೆಸ್ಟ್ ಕಿಟ್. ಪುಡಿಯ ಒಂದು ಚಿಟಿಕೆಗೆ ರಾಸಾಯನಿಕ ಹಾಕಿ ಬಣ್ಣ ನೋಡುವ ಸ್ಥಳ ಪರೀಕ್ಷೆ ಅದು. ಪ್ರಯೋಗಾಲಯದ ವರದಿ ಬರುವವರೆಗೆ ಅದೇ ಆಧಾರ. "ಎಲ್ಲ ಪೊಟ್ಟಣವೂ ಪಾಸಿಟಿವ್ ಬಂತು ಅಂತ ಹೇಳ್ತೀರಿ, ಅಲ್ವಾ?"

"ಇಲ್ಲ. ಒಂದು ಪೊಟ್ಟಣದಲ್ಲಿ ಬಣ್ಣ ಬದಲಾಗಲಿಲ್ಲ. ಅದನ್ನು ಹಾಗೇ ಬರೆದು ಬೇರೆ ಸೀಲ್ ಮಾಡಿದ್ದೇನೆ."

ವಕೀಲರು ಒಂದು ಕ್ಷಣ ಸುಮ್ಮನಾದರು. ತಮ್ಮ ಕೇಸಿಗೇ ವಿರುದ್ಧವಾದದ್ದನ್ನು ತಾವೇ ಬರೆದಿಟ್ಟುಕೊಂಡವರಿಗೆ ಏನಂತ ಕೇಳುವುದು? ಆ ಒಂದು ಪೊಟ್ಟಣ ಬೇರೆಯವಕ್ಕೆಲ್ಲ ಬಲ ಕೊಟ್ಟಿತು. ಇವರು ಬಣ್ಣ ಬದಲಾಯಿತು ಅಂತ ಬರೆದ ಕಡೆ ಬದಲಾಗಿಯೇ ಇರಬೇಕು ಅಂತ ಕೂತವರಿಗೆಲ್ಲ ಅನಿಸಿತು. ನನಗಂತೂ ಅನಿಸಿತು.

ಆವತ್ತಿನಿಂದ ನಾನು ಮಹಜರುಗಳನ್ನು ಬೇರೆ ಥರ ಓದಲು ಶುರು ಮಾಡಿದೆ. ಎಲ್ಲವೂ ಸಲೀಸಾಗಿ ನಡೆದಂತೆ ಇದ್ದರೆ ಅನುಮಾನ. ಮಾಹಿತಿ ಬಂದ ಕೂಡಲೇ ಇಬ್ಬರು ಪಂಚರು ಸಂತೋಷದಿಂದ ಒಪ್ಪುತ್ತಾರೆ, ಆರೋಪಿ ಎದುರೇ ನಿಂತಿರುತ್ತಾನೆ, ತಕ್ಕಡಿ ಜೇಬಿನಲ್ಲೇ ಇರುತ್ತದೆ, ಎಲ್ಲ ಸರಿಯಾಗಿ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಬದುಕಿನಲ್ಲಿ ಯಾವುದು ರೀ ಹಾಗೆ ನಡೆಯುತ್ತೆ? ಬ್ಯಾಟರಿ ಮುಗಿದಿರುತ್ತೆ, ಅರಗು ಕರಗಿಸಲು ಬೆಂಕಿಪೊಟ್ಟಣ ಇರುವುದಿಲ್ಲ, ಮಳೆ ಬರುತ್ತೆ. ಅದನ್ನೆಲ್ಲ ಬರೆಯುವವರು ಕಮ್ಮಿ. ಕೆಲಸಕ್ಕೆ ಹೊಸಬರಾದವರಿಗೆ ಹೀಗೆ ನಡೆಯಬೇಕಿತ್ತು ಅನ್ನುವುದನ್ನು ಬರೆಯುವ ಆಸೆ. ಹೀಗೆ ನಡೆಯಿತು ಅನ್ನುವುದನ್ನು ಬರೆಯಲು ಧೈರ್ಯ ಬೇಕು. ಬಾಗಿಲು ಒದೆಯೋದಕ್ಕಿಂತ ಜಾಸ್ತಿ ಧೈರ್ಯ ಅಂತ ನನ್ನ ಅಭಿಪ್ರಾಯ.

ಹೇಳಿಕೆಗಳ ಕಾಲ ಮುಗಿದ ಮೇಲೆ

ಮುಂಚೆ ಒಂದು ಸುಲಭದ ದಾರಿ ಇತ್ತು. 67ನೇ ಸೆಕ್ಷನ್ನಿನಲ್ಲಿ ಆರೋಪಿಯ ಹೇಳಿಕೆ ಬರೆಸಿಕೊಳ್ಳುವುದು. ನಾನು ಸ್ವಇಚ್ಛೆಯಿಂದ, ಯಾರ ಒತ್ತಡವೂ ಇಲ್ಲದೆ, ಅಂತ ಶುರುವಾಗಿ ತಪ್ಪೊಪ್ಪಿಗೆಯಲ್ಲಿ ಮುಗಿಯುವ ಪುಟಗಳು. ಬೇರೆ ಬೇರೆ ಊರಿನ, ಬೇರೆ ಬೇರೆ ಓದಿನ ಜನ ಒಂದೇ ಥರದ ವಾಕ್ಯಗಳಲ್ಲಿ ತಪ್ಪೊಪ್ಪಿಕೊಳ್ಳುವುದನ್ನು ನೋಡಿ ನಮ್ಮಂಥ ಟೈಪಿಸ್ಟುಗಳಿಗೇ ನಗು ಬರುತ್ತಿತ್ತು. 2020ರ ಅಕ್ಟೋಬರ್ 29ರಂದು ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಬ್ಬರ ಬಹುಮತದಿಂದ ಇದಕ್ಕೆ ತಡೆ ಹಾಕಿತು. ಈ ಅಧಿಕಾರಿಗಳೂ ಪೊಲೀಸ್ ಅಧಿಕಾರಿಗಳೇ, ಅವರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಅಂತ. ಒಬ್ಬ ನ್ಯಾಯಮೂರ್ತಿಗಳು ಒಪ್ಪಲಿಲ್ಲ, ಅದು ಬೇರೆ. ಅಲ್ಲಿಂದ ಈ ಕೆಲಸದ ರೀತಿಯೇ ಬದಲಾಯಿತು. ಈಗ ಫೋನ್ ಕರೆಗಳ ಪಟ್ಟಿ, ಬ್ಯಾಂಕ್ ಖಾತೆ, ಕೊರಿಯರ್ ರಸೀದಿ, ಲಾಡ್ಜಿನ ರಿಜಿಸ್ಟರ್ ಹುಡುಕಬೇಕು. ಯಾರು ಯಾರಿಗೆ ಹಣ ಹಾಕಿದರು ಅಂತ ತಿಂಗಳುಗಟ್ಟಲೆ ಎಕ್ಸೆಲ್ ಹಾಳೆ ನೋಡಬೇಕು.

ದೊಡ್ಡ ಕೇಸುಗಳೂ ಕಾಗದದ ಸುತ್ತಲೇ ಸುತ್ತುತ್ತವೆ. 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಡಿಆರ್‌ಐನವರು ಹಿಡಿದದ್ದು ಸುಮಾರು 3,000 ಕೆ.ಜಿ. ಹೆರಾಯಿನ್. ದಾಖಲೆಯಲ್ಲಿ ಅದು ಅಫ್ಘಾನಿಸ್ತಾನದ ಟಾಲ್ಕ್ ಕಲ್ಲು. ಆಮದು ಮಾಡಿಕೊಂಡ ಸಂಸ್ಥೆಯ ವಿಳಾಸ ವಿಜಯವಾಡ. ಅಷ್ಟು ಹತ್ತಿರ ಬಂದರುಗಳಿರುವಾಗ ವಿಜಯವಾಡದವರು ಗುಜರಾತಿಗೆ ಸರಕು ಯಾಕೆ ತರಿಸಿದರು ಅನ್ನುವ ಪ್ರಶ್ನೆ ಆಮೇಲೆ ಕೋರ್ಟಿನಲ್ಲೂ ಎದ್ದಿತು. ಇಂಥ ಪ್ರಶ್ನೆ ತಲೆಗೆ ಹೊಳೆಯೋದು ಕೂತು ಕಾಗದ ಓದುವವರಿಗೆ.

2024ರ ಜುಲೈ 1ರಿಂದ ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾಯ್ದೆ ಬಿಎನ್‌ಎಸ್‌ಎಸ್ ಬಂದಿದೆ. ಶೋಧನೆಯನ್ನು ವಿಡಿಯೊ ಮಾಡಲೇಬೇಕು. ಇನ್ನು ಮಹಜರು ಬರೆಯುವ ತಲೆನೋವು ಕಮ್ಮಿ ಅಂತ ಅಣ್ಣನ ಮಗ ಖುಷಿಪಟ್ಟ. ಕಮ್ಮಿ ಆಗೋದೆಲ್ಲಿಂದ? ಈಗ ಬರೆದದ್ದಕ್ಕೂ ವಿಡಿಯೊಗೂ ತಾಳೆ ಆಗಬೇಕು. ವಿಡಿಯೊದಲ್ಲಿ ಎಂಟೂ ಕಾಲು, ಮಹಜರಿನಲ್ಲಿ ಏಳೂವರೆ ಅಂತಿದ್ದರೆ ಪಂಚಾಂಗ ತರುವ ವಕೀಲರಿಗೆ ಹಬ್ಬ.

ಓದಿ ಹೇಳಿದರು, ಸಹಿ ಹಾಕಿದೆ

ಭಾಷೆಯ ವಿಷಯ ಮತ್ತೆ ಬರುತ್ತದೆ ಅಂದಿದ್ದೆನಲ್ಲ. ನಾನು ನೋಡಿದ ಕೇಸುಗಳಲ್ಲಿ ಪಂಚರಾಗಿ ಬರುತ್ತಿದ್ದವರು ಆಟೊ ಓಡಿಸುವವರು, ಟೀ ಅಂಗಡಿಯವರು, ಲಾಡ್ಜಿನ ಹುಡುಗರು. ಮಹಜರು ಇಂಗ್ಲಿಷಿನಲ್ಲಿ. ಪಾಟೀ ಸವಾಲಿನಲ್ಲಿ ಪಂಚರ ಉತ್ತರ ಹೆಚ್ಚು ಕಮ್ಮಿ ಒಂದೇ: ಏನೋ ಓದಿ ಹೇಳಿದರು, ನನಗೆ ಇಂಗ್ಲಿಷ್ ಬರುವುದಿಲ್ಲ, ಸಹಿ ಹಾಕು ಅಂದರು, ಹಾಕಿದೆ. ಸರ್ಕಾರಿ ವಕೀಲರು ತಲೆ ಚಚ್ಚಿಕೊಂಡು ಪ್ರತಿಕೂಲ ಸಾಕ್ಷಿ ಅಂತ ಪರಿಗಣಿಸಲು ಕೇಳುತ್ತಿದ್ದರು. ಆ ಪಂಚ ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನಿಸುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅದಕ್ಕಿಂತ ಸೂಕ್ಷ್ಮವಾದದ್ದು 50ನೇ ಸೆಕ್ಷನ್. ಒಬ್ಬನ ಮೈ ಶೋಧಿಸುವ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಶೋಧನೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ ಅಂತ ಅವನಿಗೆ ತಿಳಿಸಬೇಕು. ಬರೀ ಬ್ಯಾಗ್ ಶೋಧನೆಗೆ ಇದು ಬೇಕಿಲ್ಲ, ಮೈ ಮುಟ್ಟುವುದಾದರೆ ಬೇಕೇ ಬೇಕು. ಇಬ್ಬರು ಆರೋಪಿಗಳಿದ್ದರೆ ಇಬ್ಬರಿಗೂ ಸೇರಿ ಒಂದೇ ನೋಟಿಸ್ ಕೊಟ್ಟರೆ ಸಾಲದು, ನಮ್ಮ ತಂಡದ ಅಧಿಕಾರಿಯ ಮುಂದೆಯೇ ಮಾಡಿಸಿಕೊಳ್ಳಬಹುದು ಅಂತ ಮೂರನೇ ಆಯ್ಕೆ ಸೇರಿಸಿದರೆ ತಪ್ಪು ಅಂತ 2014ರ ಪರಮಾನಂದ ತೀರ್ಪು ಹೇಳುತ್ತದೆ. ಸರಿ, ರಾತ್ರಿ ಹನ್ನೊಂದಕ್ಕೆ, ಹೆದರಿ ನಡುಗುತ್ತಿರುವ ಬೀದರಿನ ಹುಡುಗನಿಗೆ ಇದನ್ನು ಅವನಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಬಲ್ಲವರು ತಂಡದಲ್ಲಿ ಎಷ್ಟು ಜನ ಇರುತ್ತಾರೆ? ಅಣ್ಣನ ಮಗನಿಗೆ ನಾನು ಹೇಳಿದ್ದು ಇದನ್ನೇ. ನಿನ್ನ ಇಂಗ್ಲಿಷ್ ಸಿಜಿಎಲ್ ದಾಟಲು ಬೇಕು. ಕರ್ನಾಟಕದಲ್ಲಿ ಪೋಸ್ಟಿಂಗ್ ಸಿಕ್ಕರೆ ನಿನ್ನ ಕನ್ನಡಕ್ಕೆ ಬೆಲೆ ಬರುತ್ತದೆ, ಸಿಗದಿದ್ದರೆ ಇಂಫಾಲದಲ್ಲೋ ಜೋಧಪುರದಲ್ಲೋ ನೀನೂ ಭಾಷೆ ಬರದ ಆಫೀಸರ್ ಆಗುತ್ತೀಯ. ಅಲ್ಲಿಯ ಮಾತು ಕಲಿಯಬೇಕು, ಬೇರೆ ದಾರಿ ಇಲ್ಲ.

ಅಣ್ಣನದು ಬೇರೆ ಚಿಂತೆ. "ಗನ್ನು ಗಿನ್ನು ಅಂತಾರಲ್ಲ, ಅಪಾಯ ಅಲ್ವೇನಮ್ಮ?" ಅಂತ ಫೋನ್ ಮಾಡಿದ್ದ. ಅಪಾಯ ಇದೆ, ಇಲ್ಲ ಅನ್ನಲ್ಲ. ದುಡ್ಡಿನ ಆಮಿಷವೂ ಇದೆ, ಒಂದು ಕೇಸಿನಲ್ಲಿ ತೂಕದ ಒಂದು ಅಂಕಿ ಬದಲಾಯಿಸಿದರೆ ಶಿಕ್ಷೆಯೇ ಬದಲಾಗುವ ಕಡೆ ಆಮಿಷ ಇಲ್ಲದಿರುತ್ತಾ? ಇದರ ಜೊತೆ ಆಯಾಸವನ್ನೂ ಸೇರಿಸಿಕೊಳ್ಳಬೇಕು. 48 ಗಂಟೆಯೊಳಗೆ ಮೇಲಧಿಕಾರಿಗೆ ಪೂರ್ತಿ ವರದಿ, ಮ್ಯಾಜಿಸ್ಟ್ರೇಟ್ ಮುಂದೆ ಮಾದರಿ ತೆಗೆಸುವುದು, ಪ್ರಯೋಗಾಲಯ, ಗೋದಾಮಿನ ರಿಜಿಸ್ಟರ್. ಅದೆಲ್ಲ ಆಗಿ ವರ್ಗವಾಗಿ ಹೋದ ಮೇಲೆ, ವರ್ಷಗಳ ನಂತರ ಸಮನ್ಸ್. ಎರಡು ದಿನ ರೈಲಿನಲ್ಲಿ ಬಂದ ಅಧಿಕಾರಿಗೆ ವಕೀಲರು ಸಮಯ ಕೇಳಿದ್ದಾರೆ, ಮುಂದಿನ ತಿಂಗಳು ಬನ್ನಿ ಅಂತ ಹೇಳುವ ಕೆಲಸ ಎಷ್ಟೋ ಸಲ ನಮ್ಮ ಬೆಂಚ್ ಕ್ಲರ್ಕ್‌ದು. ಯಾರೂ ಜಗಳ ಮಾಡುತ್ತಿರಲಿಲ್ಲ. ಬ್ಯಾಗಿನಿಂದ ಡೈರಿ ತೆಗೆದು ತಾರೀಖು ಬರೆದುಕೊಳ್ಳುತ್ತಿದ್ದರು.

ಇದೆಲ್ಲ ಕೇಳಿದ ಮೇಲೂ ಹುಡುಗ ಹಿಂದೆ ಸರಿದಿಲ್ಲ. ಹುದ್ದೆಗಳ ಆದ್ಯತೆಯ ಪಟ್ಟಿಯನ್ನು ಈಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾನೆ. ಮೊದಲನೆಯದು ಇನ್‌ಕಮ್ ಟ್ಯಾಕ್ಸ್ ಇನ್‌ಸ್ಪೆಕ್ಟರ್, ಎರಡನೆಯದು ಎನ್‌ಸಿಬಿ. ಇದ್ಯಾಕೋ ಹೀಗೆ ಅಂತ ಕೇಳಿದೆ. "ಮೊದಲನೇದು ಅಪ್ಪಂಗೆ ಅತ್ತೆ" ಅಂದ.